ಒಂದೇ ಗುಂಡಿನ ಬಂದೂಕು, ಉತ್ಸವದಾಗ ತೋರಸೂದಾದ್ರ ಸರಿಯಾಗಿ ತೋರಸ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಪೇಪರಿನ ಓದುಗರ ಪತ್ರದಾಗ ಒಬ್ಬರು ಬರದಿದ್ರು, ನಮ್ಮ ಕಡೆ ಒಂದು ಊರ ಉತ್ಸವದ ಮೆರವಣಿಗ್ಯಾಗ ಕಂಪನಿ ಸಿಪಾಯಿ ವೇಷದ ಹುಡುಗರ ಕೈಯಾಗ ಪೊಲೀಸರ ತ್ರೀ ನಾಟ್ ತ್ರೀ ಆಕಾರದ ಕಟಿಗಿ ಬಂದೂಕು ಕೊಟ್ಟಿದ್ರು, ಸ್ಪೀಕರಿನಾಗ ಸಿನಿಮಾದ ಢಂ ಢಂ ಢಂ ಸೌಂಡ್ ಹಚ್ಚಿದ್ರು, ಇದು 1824ರ ಕಿತ್ತೂರ ಕಾಳಗದ ಕತಿನೋ ಇಲ್ಲಾ ಬಾಂಗ್ಲಾ ಯುದ್ಧದ್ದೋ ಅಂತ. ಮರುದಿನ ಇನ್ನೊಬ್ಬರು ಉತ್ತರ ಕೊಟ್ರು, ಬಂದೂಕಿನ ಮಾಡೆಲ್ ನೋಡಾಕ ಯಾರ ಬರ್ತಾರ್ರಿ, ದೇಶಾಭಿಮಾನ ಮುಖ್ಯ ಅಂತ. ಇಬ್ಬರ ಪತ್ರಾನೂ ಓದಿದೆ. ನಾನು ಮೊದಲನೇದವರ ಕಡೆ. ಯಾಕಂದ್ರ ಬಂದೂಕು ತಪ್ಪಾದ್ರ ಕತಿನೂ ತಪ್ಪಾಗ್ತೈತಿ, ಆ ಕಾಳಗದಾಗ ಮಂದಿ ಎಷ್ಟು ಹೊತ್ತು ನಿಂತಿದ್ರು, ಯಾವಾಗ ಓಡಿದ್ರು, ಯಾಕ ಕತ್ತಿ ಹಿರದು ಮ್ಯಾಲೆ ಬಿದ್ರು ಅನ್ನೂದೆಲ್ಲಾ ಒಂದು ಗುಂಡು ಹಾರಿಸಿದ ಮ್ಯಾಲೆ ಎರಡನೇದಕ್ಕ ಎಷ್ಟು ಟೈಮ್ ಬೇಕು ಅನ್ನೂದರ ಮ್ಯಾಲೇ ನಿಂತೈತಿ.

ಇದನ್ನ ಪುಸ್ತಕ ಓದಿ ಹೇಳಾಕತ್ತಿಲ್ಲ. ನಾನು ಜಮಖಂಡಿ ಕಡೆಯವ, ನೌಕರಿ ಸಲುವಾಗಿ ಅಮೆರಿಕಾದ ಓಹಾಯೋ ರಾಜ್ಯದಾಗ ಭಾಳ ವರ್ಷ ಇದ್ದೆ, ಅಲ್ಲಿ ನನ್ನ ಹತ್ರ 1874ರ ಮಾಡೆಲ್ಲಿನ ಶಾರ್ಪ್ಸ್ ಅನ್ನೂ ಹಳೇ ಅಮೆರಿಕನ್ ಒಂಟಿ ಗುಂಡಿನ ರೈಫಲ್ಲಿನ ರೆಪ್ಲಿಕಾ ಒಂದಿತ್ತು. ರೆಪ್ಲಿಕಾ ಅಂದ್ರ ಶೋಕೇಸಿಗೆ ಇಡೂ ಆಟಗಿ ಸಾಮಾನಲ್ಲ. ಹಳೇ ನಮೂನಿ ಹಂಗ, ಆದ್ರ ಈಗಿನ ಸ್ಟೀಲಿನಾಗ ಹೊಸದಾಗಿ ಮಾಡಿದ್ದು, ಖರೇ ಗುಂಡು ಹಾರಸ್ತೈತಿ. ನನ್ನದು ಇಟಲಿಯ ಪೆಡರ್ಸೋಲಿ ಕಂಪನಿದು, ಬ್ರೆಶಾ ಜಿಲ್ಲಾದ ಗಾರ್ದೋನೆ ವಾಲ್ ತ್ರೋಂಪಿಯಾ ಅನ್ನೂ ಊರಾಗ ಮಾಡ್ತಾರ. ಆ ಊರಿನ ಕಸುಬ ಅದು, ನೂರಾರು ವರ್ಷದಿಂದ ಬಂದೂಕು ಮಾಡ್ಕೊಂತ ಬಂದಾರ. ಪ್ರತಿಯೊಂದನ್ನೂ ಸರ್ಕಾರಿ ಪರೀಕ್ಷಾ ಕೇಂದ್ರದಾಗ ಹೆಚ್ಚಿನ ಮದ್ದು ಹಾಕಿ ಹಾರಿಸಿ ನೋಡಿ ನಳಿಗಿ ಮ್ಯಾಲ ಮುದ್ರಿ ಒತ್ತಿ ಕಳಸ್ತಾರ. ಅಮೆರಿಕಾದ ಮೊಂಟಾನಾದಾಗೂ ಶಾರ್ಪ್ಸ್ ಮಾಡೋರದಾರ, ಅವು ಇನ್ನೂ ತುಟ್ಟಿ, ಆರ್ಡರ್ ಕೊಟ್ಟು ಕಾಯ್ಬೇಕು.

ಅಲ್ಲಿ ಬಂದೂಕು ಅಂದ್ರ ಕಾಯಿಪಲ್ಲೆ ಹಂಗ ಸಿಗ್ತಾವು ಅಂತ ನಮ್ಮ ಮಂದಿ ತಿಳಕೊಂಡಾರ. ಎಚ್‌ಒನ್‌ಬಿ ಅನ್ನೂ ನೌಕರಿ ವೀಸಾದ ಮ್ಯಾಲೆ ಇರೋರು ಬೇಟೆ ಲೈಸನ್ಸಿನಂಥ ವಿನಾಯ್ತಿ ಇಲ್ದಂಗ ಬಂದೂಕು ಇಟ್ಕೊಳ್ಳೂದು ಅಲ್ಲಿ ಅಪರಾಧ. ನನಗ ಗ್ರೀನ್ ಕಾರ್ಡ್ ಬಂದ ಮ್ಯಾಲೇ ಆತು ಅದು. 1898 ಇಲ್ಲಾ ಅದಕ್ಕಿಂತ ಮೊದಲು ತಯಾರಾದ ಅಸಲಿ ಹಳೇದು ಆದ್ರ ಅವರ ಕೇಂದ್ರ ಕಾಯ್ದೆ ಪ್ರಕಾರ ಅದು ಬಂದೂಕೇ ಅಲ್ಲ, ಪ್ರಾಚ್ಯ ವಸ್ತು. ಬಾಯಿಂದ ಮದ್ದು ತುಂಬೋ ರೆಪ್ಲಿಕಾಕ್ಕೂ ಹೆಚ್ಚು ಕಡಿಮಿ ಹಂಗ. ಆದ್ರ ನನ್ನದು ಗುಂಡು ಮದ್ದು ಎರಡೂ ಒಳಗ ಇರೂ ಹಿತ್ತಾಳಿ ಕಾಡತೂಸು ಹಾಕೂದು, ಅದಕ್ಕ ಅಂಗಡ್ಯಾಗ ಫಾರ್ಮ್ ತುಂಬಿ, ನನ್ನ ಹಿಂದಿನ ಚರಿತ್ರಿ ಚೆಕ್ ಮಾಡಿಸಿ ತಗೊಂಡೆ. ನೂರೈವತ್ತು ವರ್ಷದ ಹಿಂದಿನ ನಮೂನಿ ಆದ್ರೇನು, ಕಾಯ್ದೆ ಕಣ್ಣಾಗ ಹೊಸಾದ್ದು ಹೊಸಾದ್ದ, ಅದು ಸರೀನೂ ಐತಿ ಅಂತೀನಿ, ಯಾಕಂದ್ರ ಗುಂಡು ಬಡದ್ರ ಅದು ಇಸವಿ ಕೇಳೂದಿಲ್ಲ.

ಮಷಿನ್ ಹೆಂಗೈತಿ ಹೇಳ್ತೀನಿ ಕೇಳ್ರಿ. ಕೆಳಗ ಒಂದು ಲಿವರ್ ಐತಿ, ಟ್ರಿಗರ್ ಸುತ್ತಲಿನ ಕಬ್ಬಿಣಾನ ಲಿವರು. ಅದನ್ನ ಕೆಳಗ ಒತ್ತಿದ್ರ ನಳಿಗಿ ಹಿಂದಿನ ದಪ್ಪ ಉಕ್ಕಿನ ತುಂಡು ಕೆಳಗ ಜಾರ್ತೈತಿ, ನಳಿಗಿ ಹಿಂಬಾಗಲ ತೆರಿತೈತಿ. ಒಂದು ಕಾಡತೂಸು ಬೆರಳಿಲೆ ದೂಡಬೇಕು, ಲಿವರ್ ಮ್ಯಾಲೆ ಎಳಿಬೇಕು, ಪೆಟ್ಟು ಕೊಡೂ ಸುತ್ತಿಗಿ ಪೂರ್ತಿ ಹಿಂದ ಎಳಿಬೇಕು. ಟ್ರಿಗರ್ ಎರಡಿರ್ತಾವು, ಹಿಂದಿನದು ಎಳದ್ರ ಕಟ್ ಅಂತ ಸೆಟ್ ಆಗ್ತೈತಿ, ಆಮ್ಯಾಲೆ ಮುಂದಿನದಕ್ಕ ಬೆರಳು ಹಿಂಗ ತಾಗಿದ್ರ ಸಾಕು, ಹಾರ್ತೈತಿ. ಗುಂಡು ತುಂಬಿಡೂ ಮ್ಯಾಗಝೀನ್ ಇಲ್ಲ, ಬೋಲ್ಟ್ ಇಲ್ಲ, ಒಂದು ಹಾರಿತು ಅಂದ್ರ ಮತ್ತ ಮೊದಲಿಂದ. ತೂಕ ನಾಕೂವರಿ ಕಿಲೋ ಮ್ಯಾಲೇ. ನಳಿಗಿ ಎಂಟು ಮೂಲಿದು, ಉದ್ದ 32 ಇಂಚು. ಹೆಗಲ ಮ್ಯಾಲಿಟ್ಟು ನಿಂತು ಹೊಡಿತೀನಿ ಅಂದ್ರ ತೋಳು ನಡಗಾಕ ಹತ್ತತಾವು, ಅದಕ್ಕ ಎರಡು ಕಟಿಗಿ ಕತ್ತರಿ ಹಾಕಿ ಅದರ ಮ್ಯಾಲಿಟ್ಟು ಕುಂತು ಹೊಡಿತಾರ.

ಕಾಡತೂಸಿನ ಹೆಸರು ಫಾರ್ಟಿಫೈವ್ ಸೆವೆಂಟಿ, 1873ರಾಗ ಅಮೆರಿಕಾ ಸೈನ್ಯಕ್ಕಂತ ಬಂದದ್ದು. ಗುಂಡಿನ ಅಡ್ಡಳತಿ ಸುಮಾರು 0.45 ಇಂಚು, ಮದ್ದು 70 ಗ್ರೇನ್ ಅಂದ್ರ ನಾಕೂವರಿ ಗ್ರಾಂ. ಗುಂಡು ಸೀಸದ್ದು, ಹಳೇ ಸೈನ್ಯದ್ದು 405 ಗ್ರೇನ್, ಅಂದ್ರ 26 ಗ್ರಾಂ. ಅಂಗಡಿ ಕಾಡತೂಸು ತಂದು ಹಾರಿಸಿದ್ರ ಜೇಬು ಖಾಲಿ ಆಗ್ತೈತಿ, ಅದಕ್ಕ ನಾವು ಮನ್ಯಾಗ ತಯಾರ ಮಾಡ್ತಿದ್ವಿ. ಸೀಸಕ್ಕ ಇಪ್ಪತ್ತಕ್ಕ ಒಂದರಂಗ ತವರ ಹಾಕಿ ಕರಗಿಸಿ ಅಚ್ಚಿಗೆ ಹೊಯ್ಯೂದು, ಹಳೇ ಹಿತ್ತಾಳಿ ಕೊಳವಿಗೆ ಮದ್ದಿಗೆ ಕಿಡಿ ಕೊಡೂ ಹೊಸ ಕ್ಯಾಪ್ ಹಾಕೂದು, ಉದ್ದನ ಪೈಪಿನಾಗಿಂದ ಮದ್ದು ಸಾವಕಾಶ ಸುರಿಯೂದು, ಸಾವಕಾಶ ಸುರಿದ್ರ ಕಾಳು ಒತ್ತಾಗಿ ಕುಂದ್ರತಾವು, ಅದರ ಮ್ಯಾಲ ರಟ್ಟಿನ ಬಿಲ್ಲಿ, ಅದರ ಮ್ಯಾಲ ಗುಂಡು. ಕರಿಮದ್ದು ಹಾಕಿದಾಗ ಕೊಳವಿ ಒಳಗ ಖಾಲಿ ಜಾಗ ಬಿಡಬಾರದು, ಅದು ಅಪಾಯ. ಸೀಸ ಕರಗಿಸೂದು ಬಯಲಾಗ, ಮಕ್ಕಳನ್ನ ದೂರ ಇಟ್ಟು, ಆಮ್ಯಾಲೆ ಸೋಪ್ ಹಚ್ಚಿ ಕೈ ತೊಳದ ಊಟಕ್ಕ ಕುಂದ್ರೂದು.

ಈಗ ಮದ್ದಿನ ವಿಚಾರ. ನಮ್ಮ ಇತಿಹಾಸಕ್ಕ ಬೇಕಾದ್ದು ಇದ. ಕರಿಮದ್ದು ಅಂದ್ರ ನೂರಕ್ಕ 75 ಪೆಟ್ಲುಪ್ಪು, 15 ಇದ್ದಲಿ, 10 ಗಂಧಕ. ಇದು ಉರದಾಗ ಅರ್ಧಕ್ಕಿಂತ ಜಾಸ್ತಿ ಭಾಗ ಗ್ಯಾಸ್ ಆಗೂದಿಲ್ಲ, ಮಸಿ ಆಗಿ ಹೊಗಿ ಆಗಿ ಉಳಿತೈತಿ. ನಾಕೈದು ಗುಂಡು ಹಾರಿಸಿದ್ರ ನಳಿಗಿ ಒಳಗ ಬುಡ ಹತ್ತಿದ ಪಾತ್ರಿ ಹಂಗ ಒಣಾ ಕರಿ ಪದರ ಕಟ್ಟತೈತಿ, ಮುಂದಿನ ಗುಂಡಿನ ಗುರಿ ಎಲ್ಲೋ ಹೋಗ್ತೈತಿ. ಅದಕ್ಕ ಗುಂಡಿನ ಸುತ್ತ ಗೀರು ಕೊರದು ಅದರಾಗ ಮೇಣ ಎಣ್ಣಿ ಕಲಸಿದ ಗ್ರೀಸ್ ತುಂಬತಾರ, ಅದು ಮಸಿಯನ್ನ ಮೆತ್ತಗ ಇಡ್ತೈತಿ. ನಾನು ಜೇನುಮೇಣ ಮತ್ತ ಆಲಿವ್ ಎಣ್ಣಿ ಹಾಕ್ತಿದ್ದೆ. ಅಷ್ಟಕ್ಕೂ ಒಣಗಿದ್ರ, ಪ್ರತಿ ಗುಂಡಿಗೂ ನಡುವ ಹಿಂದಿನ ಬಾಗಲದಾಗ ಸಣ್ಣ ಪೈಪ್ ಇಟ್ಟು ಬಾಯಿಲೆ ಉಸರು ಊದೂದು, ಉಸರಿನ ಹಸಿ ಸಾಕು ಮಸಿ ಮೆತ್ತಗಾಗಾಕ. ನೋಡಿದೋರು ನಗತಿದ್ರು, ಇವ ಬಂದೂಕು ಹಾರಸ್ತಾನೋ ಕೊಳಲು ಊದತಾನೋ ಅಂತ.

1857ರ ಕಾಡತೂಸಿನ ಕೊಬ್ಬಿನ ಗಲಾಟಿ ನಾವೆಲ್ಲಾ ಸಾಲ್ಯಾಗ ಬಾಯಿಪಾಠ ಮಾಡೇವಿ. ಹಂದಿ ಕೊಬ್ಬು, ಆಕಳ ಕೊಬ್ಬು, ಹಲ್ಲಿಲೆ ಕಚ್ಚಬೇಕಿತ್ತು, ಸಿಪಾಯಿಗಳು ಎದ್ರು. ಆದ್ರ ಆ ಕೊಬ್ಬು ಯಾಕ ಬೇಕಿತ್ತು ಅಂತ ಒಬ್ಬ ಮಾಸ್ತರರೂ ನಮಗ ಹೇಳಿರಲಿಲ್ಲ. ಕಾರಣ ಇದ, ಈ ಮಸಿ. ಆವಾಗ ಸಿಪಾಯಿಗಳಿಗೆ ಬಂದ ಎನ್‌ಫೀಲ್ಡ್ ಬಂದೂಕಿನ ನಳಿಗಿ ಒಳಗ ಗುಂಡು ತಿರಗಿಸೂ ಗೀರು ಇದ್ವು, ಬಾಯಿಂದ ಗುಂಡು ಇಳಸಬೇಕು, ಮಸಿ ಕಟ್ಟಿದ್ರ ಗುಂಡು ಇಳಿಯೂದಿಲ್ಲ, ಗ್ರೀಸ್ ಬೇಕೇ ಬೇಕು. ಕಾಗದದ ಕಾಡತೂಸಿನ ತುದಿ ಹರಿದ್ರೇ ಮದ್ದು ಸುರಿಯಾಕ ಬರ್ತೈತಿ, ಒಂದು ಕೈಯಾಗ ಬಂದೂಕು ಇದ್ದಾಗ ಹರಿಯಾಕ ಹಲ್ಲ ಬಿಟ್ರ ಏನೈತಿ. ಮಜಾ ಅಂದ್ರ ಅದಕ್ಕೂ ಒಂಬತ್ತು ವರ್ಷ ಮೊದಲ, 1848ರಾಗ, ಕ್ರಿಶ್ಚಿಯನ್ ಶಾರ್ಪ್ಸ್ ಅನ್ನೋನು ಈ ಮಷಿನ್ನಿಗೆ ಪೇಟೆಂಟ್ ತಗೊಂಡಿದ್ದ, ಅವನ ಮೊದಮೊದಲ ಬಂದೂಕಿನಾಗ ಲಿವರ್ ಎತ್ತಿದ್ರ ಮ್ಯಾಲೆ ಬರೂ ಉಕ್ಕಿನ ತುಂಡಿನ ಅಂಚೇ ಕಾಗದದ ಹಿಂದಿನ ತುದಿ ಕತ್ತರಸ್ತಿತ್ತು. ಹಲ್ಲು ಬೇಕಿಲ್ಲ. ಬ್ರಿಟಿಷರೂ ತಮ್ಮ ಕುದುರಿ ಪಡಿಗೆ ಅಂತ ಕೆಲವು ಸಾವಿರ ಶಾರ್ಪ್ಸ್ ಕಾರ್ಬೈನ್, ಅಂದ್ರ ಗಿಡ್ಡ ನಳಿಗಿ ಬಂದೂಕು, ಕೊಂಡಿದ್ರು. ಕಾಲಾಳು ಸಿಪಾಯಿಗೆ ಮಾತ್ರ ಕಚ್ಚೂದ. ಇದನ್ನ ಓದಿ ತಿಳಕೊಳ್ಳೂದು ಬ್ಯಾರೆ, ಕೈಯಾಗ ಗ್ರೀಸ್ ಹಚ್ಕೊಂಡು ಮಸಿ ಒರಸಿ ತಿಳಕೊಳ್ಳೂದು ಬ್ಯಾರೆ.

ಇನ್ನ ಹೊಗಿ. ಸಿನಿಮಾದಾಗ ಹೊಗಿ ತೋರಸೂದ ಇಲ್ಲ. ಖರೇ ಕರಿಮದ್ದು ಹಾರಿಸಿದ್ರ ಮುಂದ ಬಿಳೇ ಮೋಡ ನಿಲ್ತೈತಿ, ಗಾಳಿ ಇಲ್ಲಂದ್ರ ಗುರಿನೇ ಕಾಣೂದಿಲ್ಲ, ಗಂಧಕದ ವಾಸನಿ, ಕೆಟ್ಟ ತತ್ತಿ ವಾಸನಿ. ಅಲ್ಲಿ ಈ ಬಂದೂಕಿಗಂತಲೇ ಸ್ಪರ್ಧೆ ನಡಸ್ತಾರ, ಉಕ್ಕಿನ ತಗಡಿನಾಗ ಕೋಳಿ, ಹಂದಿ, ಟರ್ಕಿ ಕೋಳಿ, ಟಗರು ಕತ್ತರಿಸಿ ನಿಲ್ಲಸ್ತಾರ, ಕೋಳಿ 200 ಮೀಟರಿಗೆ, ಹಂದಿ 300ಕ್ಕ, ಟರ್ಕಿ 385ಕ್ಕ, ಟಗರು 500ಕ್ಕ. ದುರ್ಬೀನು ಬ್ಯಾಡ ಅನ್ನೋರು ಹಿಂದ ಏಣಿ ಹಂಗ ಏರಸಿ ಇಳಸೂ ತೂತಿನ ಸೈಟ್ ಹಾಕ್ಕೊಂಡು ಹೊಡಿತಾರ. ಗುಂಡು ನಿಧಾನ, ಸೆಕೆಂಡಿಗೆ 400 ಮೀಟರ್ ಹತ್ರ ಹೊಂಟು ಹೋಗ್ತಾ ಹೋಗ್ತಾ ಕಡಿಮಿ ಆಗ್ತೈತಿ, ಟಗರಿಗೆ ಹೊಡದು, ಹೊಗಿ ಸರದು, ನೋಡಿ, ಆಮ್ಯಾಲೆ ಠಣ್ ಅನ್ನೂ ಸಪ್ಪಳ ಬರೂದು ಸುಮಾರು ಮೂರು ಸೆಕೆಂಡಿಗೆ. ಆ ಮೂರು ಸೆಕೆಂಡ್ ಸಲುವಾಗಿ ರೊಕ್ಕಾ ಸುರದೇನಿ ಅಂತ ಮನ್ಯಾಗ ಬೈಸ್ಕೊಂಡೀನಿ, ಇರಲಿ.

ಸಂಜಿಕ್ಕ ಮನಿಗೆ ಬಂದ ಮ್ಯಾಲೆ ತೊಳಿಯೂದು. ಈ ಮಸಿ ಗಾಳಿಯಾಗಿನ ಹಸಿ ಹೀರ್ಕೊಂತೈತಿ, ರಾತ್ರಿ ಬಿಟ್ರ ಮುಂಜಾನಿ ತುಕ್ಕು. ಪೆಟ್ರೋಲು ಸೀಮಿಎಣ್ಣಿ ಹಾಕಿದ್ರ ಹೋಗೂದಿಲ್ಲ, ಮಸಿಯಾಗಿನ ಉಪ್ಪು ಕರಗೂದು ನೀರಾಗ, ಬಿಸಿನೀರು ಸೋಪು ಅರಿವಿ, ಒರಸಿ ಒಣಗಿಸಿ ಆಮ್ಯಾಲೆ ಎಣ್ಣಿ. ಬಂದೂಕಿಗೆ ನೀರು ಹಾಕ್ತೀನಿ ಅಂದ್ರ ನಮ್ಮ ಊರಾಗಿನ ಲೈಸನ್ಸ್‌ದಾರರು ಹುಚ್ಚ ಅಂತಾರ, ಈಗಿನ ಮದ್ದಿಗೆ ಅವರು ಹೇಳೂದು ಸರಿ, ಕರಿಮದ್ದಿಗೆ ನೀರ ಬೇಕು.

ಒಂದು ಮಾತು ಮುಚ್ಚಿಡಬಾರದು, ಶಾರ್ಪ್ಸಿನ ಚರಿತ್ರಿ ಪೂರ್ತಿ ಹೆಮ್ಮಿದಲ್ಲ. ಅಮೆರಿಕಾದಾಗ ಕಾಡೆಮ್ಮಿ ಹಿಂಡು ಅಂದ್ರ ಬೈಸನ್ನು, 1870ರ ದಶಕದಾಗ ಚರ್ಮದ ಸಲುವಾಗಿ ಕೊಂದಾಗ ಈ ಬಂದೂಕ ಮುಂದಿತ್ತು, 1880ರ ದಶಕ ಮುಗಿಯೂ ಹೊತ್ತಿಗೆ ಲೆಕ್ಕ ಹಾಕಿದ್ರ ಸಾವಿರದ ಆಸುಪಾಸು ಉಳದಿದ್ವು, ಅವುಗಳನ್ನೇ ನಂಬಿದ ಅಲ್ಲಿನ ಮೂಲನಿವಾಸಿ ಮಂದಿ ಬಾಳೂ ಮುಗೀತು. 1874ರಾಗ ಟೆಕ್ಸಸಿನ ಅಡೋಬಿ ವಾಲ್ಸ್ ಅನ್ನೂ ಕಡೆ ಬಿಲ್ಲಿ ಡಿಕ್ಸನ್ ಅನ್ನೂ ಬೇಟೆಗಾರ 1,538 ಗಜದಿಂದ ಮೂಲನಿವಾಸಿ ಒಬ್ಬನ್ನ ಕೆಡವಿದ ಅಂತ ಆ ಹವ್ಯಾಸಿ ಮಂದಿ ಕತಿ ಹೇಳ್ಕೊಂತ ಕುಂದ್ರತಾರ, ಡಿಕ್ಸನ್ನೇ ಅದು ಅದೃಷ್ಟದ ಹೊಡತ ಅಂತ ಒಪ್ಪಿದ್ದ. ನನಗ ಆ ಕತಿಕಿಂತ ಮಷಿನ್ ದೊಡ್ಡದು.

ಅಮೆರಿಕಾ ಬಂದೂಕಿಗೂ ಕಿತ್ತೂರಿಗೂ ಏನ ಸಂಬಂಧ ಅಂತ ದೇಶಾಭಿಮಾನ ಮುಖ್ಯ ಅಂದ ಅಣ್ಣಾರು ಕೇಳಬಹುದು. ಸಂಬಂಧ ಮದ್ದು, ಮತ್ತ ಒಂದ ಗುಂಡು. 1824ರ ಅಕ್ಟೋಬರ್ 23ಕ್ಕ ಕಿತ್ತೂರ ಕೋಟಿ ಮುಂದ ಕಂಪನಿ ಕಲೆಕ್ಟರ್ ಥ್ಯಾಕರೆ ಬಿದ್ದ, ಅಮಟೂರ ಬಾಳಪ್ಪನ ಗುಂಡಿಗೆ ಬಿದ್ದ ಅಂತ ಸಣ್ಣ ಹುಡುಗರಿಗೂ ಗೊತ್ತು. ಆವಾಗ ಕಂಪನಿ ಸಿಪಾಯಿ ಕೈಯಾಗ ಇದ್ದದ್ದು ಚಕಮಕಿ ಕಲ್ಲಿನ ಬಂದೂಕು, ನಳಿಗಿ ಒಳಗ ಗೀರು ಇಲ್ಲದ್ದು, ಮುಕ್ಕಾಲು ಇಂಚಿನ ಬಾಯಿ. ಕಾಗದ ಕಚ್ಚಿ, ಚೂರು ಮದ್ದು ಬಂದೂಕಿನ ಕಿವಿಗೆ, ಅಂದ್ರ ನಳಿಗಿ ಪಕ್ಕದ ಸಣ್ಣ ತಟ್ಟಿಗೆ, ಹಾಕಿ ಮುಚ್ಚಿ, ಉಳದದ್ದು ನಳಿಗಿಗೆ ಸುರದು, ಗುಂಡು ಕಾಗದ ಎರಡೂ ಗಜಾ ಅನ್ನೂ ಕಬ್ಬಿಣ ಕೋಲು ಹಾಕಿ ಜಡದು, ಸುತ್ತಿಗಿ ಎಳದು ಆಮ್ಯಾಲೆ ಹಾರಸಬೇಕು. ಕವಾಯತಿನಾಗ ಪಳಗಿದೋನು ಮಿನಿಟಿಗೆ ಮೂರು. ನೂರು ಗಜ ದಾಟಿದ್ರ ಒಬ್ಬ ಮನಷ್ಯಾಗ ಗುರಿ ಇಟ್ಟು ಹೊಡಿಯೂದು ದೇವರ ಮ್ಯಾಲೆ ಭಾರ. ಬತ್ತಿ ಹಚ್ಚೂ ಬಂದೂಕು ಇದಕ್ಕಿಂತ ನಿಧಾನ. ಈಗ ಲೆಕ್ಕ ಹಾಕ್ರಿ, ಸಾಲು ಒಂದ ಸಲ ಹಾರಿಸಿದ ಮ್ಯಾಲೆ ಕೋಟಿ ಬಾಗಲಾ ತೆರದು ಕುದುರಿ ಕತ್ತಿ ಹೊರಗ ನುಗ್ಗಿದ್ರ, ಎರಡನೇ ಸುತ್ತಿಗೆ ಇಪ್ಪತ್ತು ಸೆಕೆಂಡ್ ಎಲ್ಲೈತಿ. ಸ್ಪೀಕರಿನ ಢಂ ಢಂ ಢಂ ಇದನ್ನ ಹೇಳ್ತೈತೇನ್ರಿ? ಅದನ್ನ ಕೇಳಿದ ಹುಡುಗರು ಮಷಿನ್‌ಗನ್ ಮುಂದ ಕತ್ತಿ ಹಿಡದು ಓಡಿದ್ರು ಅಂತ ತಿಳಕೊಂತಾರ, ಆವಾಗ ಅದು ಶೌರ್ಯ ಅನಿಸೂದಿಲ್ಲ, ಹುಚ್ಚು ಅನಿಸ್ತೈತಿ. ಅವರು ಹುಚ್ಚರಲ್ಲ, ಲೆಕ್ಕ ಗೊತ್ತಿದ್ದ ಮಂದಿ.

ಕೋಟಿ ಒಳಗ ಮದ್ದಿಗೆ ಸಗಣಿ ಕಲಸಿ ದ್ರೋಹ ಮಾಡಿದ್ರು ಅಂತ ನಮ್ಮ ಕಡೆ ಹೇಳೂ ಮಾತೂ ಐತಿ. ಮದ್ದು ಕೈಯಾಗ ಹಿಡದ ಮ್ಯಾಲೆ ಆ ಮಾತು ನನಗ ಬ್ಯಾರೆನೇ ಕೇಳತೈತಿ. ಕರಿಮದ್ದಿಗೆ ಕಾಳಿನ ಆಕಾರ ಮುಖ್ಯ, ಒಣಾ ಇರೂದು ಮುಖ್ಯ, ಹಸಿ ತಾಗಿದ್ರ ಪೆಟ್ಲುಪ್ಪು ಕರಗಿ ಕಾಳು ಒಡದು ಬರೇ ಬೂದಿ ಹಂಗ ಸುಯ್ ಅಂತೈತಿ, ತೋಪು ಹಾರೂದಿಲ್ಲ.

1857ರ ಹಲಗಲಿ ಅಂತೂ ನಮ್ಮ ಬಾಗಲಕೋಟಿ ಜಿಲ್ಲಾದ್ದ. ಹತಾರ ಕಾಯ್ದೆ ತಂದು ಎಲ್ಲಾರೂ ಹತಾರ ಬರಸ್ರಿ, ಇಲ್ಲಾ ಒಪ್ಪಸ್ರಿ ಅಂದ್ರು, ಹಲಗಲಿ ಬೇಡರು ಒಲ್ಲೆ ಅಂದ್ರು, ನವೆಂಬರ್ ಕೊನಿಗೆ ಕಂಪನಿ ಪಡಿ ಬಂದು ಊರಿಗೆ ಬೆಂಕಿ ಹಚ್ಚಿತು, ಡಿಸೆಂಬರಿನಾಗ 19 ಮಂದಿನ್ನ ಮುಧೋಳದಾಗ ಹಲಗಲಿಯಾಗ ಗಲ್ಲಿಗೆ ಹಾಕಿದ್ರು. ಬಂದೂಕಿನ ಸಲುವಾಗಿ ಊರಿಗೆ ಊರ ಹೋತು, ಆ ಬಂದೂಕು ಹೆಂಗ ಹಾರತಿತ್ತು ಅಂತ ಆ ಜಿಲ್ಲಾದ ಮಕ್ಕಳಿಗೆ ತೋರಸಾಕ ಒಂದೂ ಇಲ್ಲ. ಮ್ಯೂಸಿಯಂನಾಗ ಗಾಜಿನ ಪೆಟಿಗ್ಯಾಗ ಇಟ್ಟದ್ದು ನೋಡಿದ್ರ ತುಕ್ಕು ಹಿಡದ ಪೈಪ್ ಕಾಣತೈತಿ ಅಷ್ಟ.

ಅದಕ್ಕ ನಾ ಕೇಳೂದು ಇಷ್ಟ. ಕಿತ್ತೂರು ಉತ್ಸವಕ್ಕ, ಹಲಗಲಿ ಕಾರ್ಯಕ್ರಮಕ್ಕ, ಚಕಮಕಿ ಬಂದೂಕಿನ ಒಂದೆರಡು ಹಾರೂ ರೆಪ್ಲಿಕಾ ಸರ್ಕಾರದ ಹೆಸರಿನಾಗ ತರಸ್ರಿ, ಇಲ್ಲಾ ನಮ್ಮ ದೇಶದಾಗ ಲೈಸನ್ಸ್ ಇದ್ದ ಕಾರ್ಖಾನಿಗೋಳು ಬಾಯಿಂದ ಮದ್ದು ತುಂಬೋ ಬಂದೂಕು ಇವತ್ತಿಗೂ ಮಾಡ್ತಾವು, ಅವರಿಂದ ಮಾಡಿಸ್ರಿ. ಗುಂಡು ಹಾಕದ, ಬರೇ ಮದ್ದು ಹಾಕಿ, ಬಯಲಾಗ, ಹಗ್ಗ ಕಟ್ಟಿ ಮಂದಿನ್ನ ದೂರ ನಿಲ್ಲಿಸಿ, ಒಬ್ಬರು ಮೈಕಿನಾಗ ಒಂದೊಂದು ಹೆಜ್ಜಿ ಹೇಳ್ಕೊಂತ ಹಾರಿಸಿ ತೋರಸ್ರಿ. ಬೆಳಗಾವ್ಯಾಗ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಐತಿ, ನಿವೃತ್ತ ಸೈನಿಕರು ನಮ್ಮ ಕಡೆ ಊರೂರಿಗೂ ಅದಾರ, ಬಂದೂಕಿನ ಶಿಸ್ತು ಅವರಿಗೆ ಯಾರೂ ಕಲಸಬೇಕಿಲ್ಲ. ಕೊಡಗಿನಾಗ ಕೈಲ್‌ಪೊಳ್ದ್ ಹಬ್ಬಕ್ಕ ಕೋವಿ ಪೂಜಿ ಮಾಡಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡಿತಾರಲ್ಲ, ಅವರಿಗೆ ಕಾಯ್ದೆದಾಗ ವಿನಾಯ್ತಿ ಐತಿ, ನಮಗಿಲ್ಲ, ನಾನು ಆ ವಿನಾಯ್ತಿನೂ ಕೇಳಾಕತ್ತಿಲ್ಲ. ಜಿಲ್ಲಾಧಿಕಾರಿ ಲೈಸನ್ಸು, ಪೊಲೀಸರ ಕಣ್ಣಾಗ, ಉತ್ಸವ ಮುಗದ ಮ್ಯಾಲೆ ಖಜಾನ್ಯಾಗ ಬೀಗ.

ಹಂಗಂತ ಮನಿಮನಿಗೆ ಬಂದೂಕು ಬರಲಿ ಅಂತ ನಾನು ಹೇಳಾಕತ್ತೀನಿ ಅಂತ ಯಾರೂ ತಿಳ್ಕೋಬ್ಯಾಡ್ರಿ. 1959ರ ಶಸ್ತ್ರ ಕಾಯ್ದೆಗೆ 2019ರಾಗ ತಿದ್ದುಪಡಿ ಆಗಿ ಒಬ್ಬರಿಗೆ ಮೂರಿದ್ದದ್ದು ಎರಡಕ್ಕ ಇಳೀತು, ಅದರ ಬಗ್ಗೆ ನನ್ನ ತಕರಾರಿಲ್ಲ. ರಿಪೇರಿ ಮಾಡಿದ್ರೂ ಹಾರದ ಹಳೇ ಬಂದೂಕಿಗೆ ಕಾಯ್ದೆದಾಗ ವಿನಾಯ್ತಿ ಐತಿ, ಅಜ್ಜನ ಕಾಲದ್ದು ಗ್ವಾಡಿಗೆ ತೂಗಿ ಹಾಕಿದೋರು ಅದು ಹಾರತೈತೋ ಇಲ್ಲೋ ಅಂತ ತಾವೇ ಮದ್ದು ಹಾಕಿ ನೋಡಬ್ಯಾಡ್ರಿ, ಹಳೇ ಕಬ್ಬಿಣ ಒಳಗ ತಿಂದಿರ್ತೈತಿ, ಸೀಳತೈತಿ. ಮದಿವಿ ಮೆರವಣಿಗ್ಯಾಗ, ಎಲೆಕ್ಷನ್ ಗೆದ್ದಾಗ ಆಕಾಶಕ್ಕ ಗುಂಡು ಹಾರಸೂ ಮಂದಿ ಐತಲ್ಲ, ಅವರ ಲೈಸನ್ಸು ಅವತ್ತೇ ರದ್ದು ಮಾಡಬೇಕು ಅನ್ನೋನು ನಾನು. ನನ್ನ ಶಾರ್ಪ್ಸು ಊರಿಗೆ ತರೂ ಕಾಗದಪತ್ರದ ಗೋಳು ಬ್ಯಾಡ ಅನಿಸಿ ಅಲ್ಲೇ ಕ್ಲಬ್ಬಿನ ಒಬ್ಬ ಹಿರಿಯರಿಗೆ ಮಾರಿ ಬಂದೆ, ಅದರ ಸೀಸದ ಅಚ್ಚೂ ಅವರಿಗೇ ಹೋತು.

ಇನ್ನೊಂದು, ಪ್ರದರ್ಶನ ಮಾಡೋರಿಗೆ. ಗುಂಡು ಇಲ್ಲದಿದ್ರೂ ಮದ್ದಿನ ಮುಂದಿನ ಕಾಗದ ಹಾರಿ ಬಡಿತೈತಿ, ಮುಖದ ಕಡೆ ಹಿಡಿಬಾರದು. ಚಕಮಕಿ ಬಂದೂಕಿನ ಕಿವಿಯಿಂದ ಬಲಕ್ಕ ಬೆಂಕಿ ಚಿಮ್ಮತೈತಿ, ಪಕ್ಕದೋನು ಒಂದು ಮಾರು ದೂರ ನಿಲ್ಲಬೇಕು, ಇಲ್ಲಂದ್ರ ರುಮಾಲು ಸುಡತೈತಿ. ಟ್ರಿಗರ್ ಎಳದರೂ ಹಾರಲಿಲ್ಲ ಅಂದ್ರ ತಕ್ಷಣ ನೋಡಾಕ ಹೋಗಬಾರದು, ಬಾಯಿ ಬಯಲ ಕಡೆ ಹಿಡದು ಒಂದು ಮಿನಿಟ್ ತಡಿಬೇಕು, ಒಳಗ ಕಿಡಿ ಇರ್ತೈತಿ. ಮದ್ದಿನ ಡಬ್ಬಿಯಿಂದ ಸೀದಾ ನಳಿಗಿಗೆ ಸುರಿಬಾರದು, ಅಳದು ಮೊದಲೇ ಕಾಗದದಾಗ ಕಟ್ಟಿ ಇಟ್ಕೋಬೇಕು, ಡಬ್ಬಿ ದೂರ ಮುಚ್ಚಿ ಇರಬೇಕು, ಸುತ್ತ ಯಾರೂ ಬೀಡಿ ಹಚ್ಚಬಾರದು. ಕಿವಿಗೆ ಹತ್ತಿ ಸಾಲೂದಿಲ್ಲ, ಮೆಡಿಕಲ್ ಅಂಗಡ್ಯಾಗ ಕಿವಿ ಪ್ಲಗ್ ಸಿಗ್ತಾವು, ಮುಂದಿನ ಸಾಲಿನಾಗ ಕುಂದ್ರೂ ಗಣ್ಯರಿಗೂ ಕೊಡ್ರಿ.

ಇಂತಿ ನಿಮ್ಮ ಓದುಗ,
ಜಮಖಂಡಿ